ದತ್ತು ಹೋದ ಪರದೆ

ಅಥವಾ ಆ ಮಾತನ್ನು ಮಾವ ಆಡಲೇ ಇಲ್ಲವೇನೋ, ಕಂಡವರಿಗೆಲ್ಲ ಹೇಳಿ ಹೇಳಿ ನಾನೇ ಅವರ ಬಾಯಿಗೆ ತುರುಕಿದೆನೇನೋ. ನನ್ನ ನೆನಪು ಅಷ್ಟೇನೂ ನಂಬಿಕಸ್ತನಲ್ಲ. ಆದರೂ ಬರೆಯುತ್ತೇನೆ: ಸಗೋತ್ರವಾಗುತ್ತದೆಂದು ಲ್ಯಾಪ್‌ಟಾಪಿನ ಪರದೆಯನ್ನು ಬೇಡವೆಂದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ, ಅವರು ನನ್ನ ಸೋದರಮಾವ!

ಟಿ. ನರಸೀಪುರದಲ್ಲಿ ಮದುವೆಗೆ ಜಾತಕ ಕೂಡಿಸುವುದು ಮಾವನ ಕಸುಬು. ಅತ್ತೆಗೆ ಲಕ್ವ ಹೊಡೆದು ಮಾತು ನಿಂತ ಮೇಲೆ ಅವರಿಬ್ಬರ ಸಂಸಾರ ನಡೆದದ್ದು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ. ಅತ್ತೆ ಎಡಗೈಯ ಒಂದು ಬೆರಳಿನಿಂದ ಅಕ್ಷರ ಒತ್ತುವರು, ಮಾವ ಅದನ್ನು ಓದಿ ಗಟ್ಟಿಯಾಗಿ ಜಗಳವಾಡುವರು. ಸಾರಿಗೆ ಉಪ್ಪು ಹಾಕಿಲ್ಲವೆಂದು ಆಕೆ ಬರೆದು ಮುಗಿಸುವ ಹೊತ್ತಿಗೆ ಮಾವ ಮಜ್ಜಿಗೆಯನ್ನೂ ಕುಡಿದು ಎದ್ದಿರುತ್ತಿದ್ದರು. ಹೀಗಿರುವಾಗ ಒಂದು ದಿನ ಮಾವ ಕೀಲಿಮಣೆಯ ಮೇಲೆ ಅಡಕತ್ತರಿ ಮರೆತು ಮುಚ್ಚಳ ಒತ್ತಿದರು. ಪರದೆ ಒಡೆಯಿತು. ಅತ್ತೆ ಎರಡನೆಯ ಸಲ ಮೂಕರಾದರು.

ಹೊಸ ಲ್ಯಾಪ್‌ಟಾಪು ತರುವಂತಿಲ್ಲ. ಆ ಬೆರಳು ಪಳಗಿದ್ದು ಈ ಕೀಲಿಗಳಿಗೆ. ಟಿವಿಗೆ ತಂತಿ ಹಾಕೋಣವೆಂದು ಫೋನಿನಲ್ಲಿ ಹೇಳಿದೆ.

"ಗಂಡ ಹೆಂಡ್ತಿ ಮಾತು ಅಷ್ಟು ದೊಡ್ಡದಾಗಿ ಕಾಣ್ಬಾರ್ದು ಕಣೋ" ಎಂದರು ಮಾವ.

ಸರಿ, ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿ, ಬಸ್ಸು ಹತ್ತಿ ನಂಜನಗೂಡಿಗೆ, ನಮ್ಮ ಮನೆಗೆ ಬಂದರು. ನಾನು ಅವರನ್ನು ರಿಪೇರಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಅದೇ ಕಂಪನಿಯ ಬೇರೆ ಮಾಡೆಲಿನ ಹಳೆಯ ಪರದೆಯೊಂದನ್ನು ತೆಗೆದಿಟ್ಟ. ಮಾವ ಕಂಪನಿಯ ಹೆಸರು ಓದಿ ಹಿಂದಕ್ಕೆ ತಳ್ಳಿದರು. ಎರಡೂ ಒಂದೇ ಮನೆತನ, ಸಗೋತ್ರ, ಸಂಬಂಧ ಕೂಡದು! ನಾನು ನಾಚಿಕೆಯಿಂದ ರಸ್ತೆ ನೋಡುತ್ತ ನಿಂತೆ. ಅಷ್ಟರಲ್ಲಿ ಅಂಗಡಿಯವನು ಹಿಂಬದಿ ತಿರುಗಿಸಿ ನೋಡಿ, "ಅಳತೆ ಒಂದೇಯ, ಪಿನ್ನು ಬ್ಯಾರೆ ಸಾ. ಕೂರಾಕಿಲ್ಲ" ಎನ್ನಬೇಕೆ! ಮಾವ ಜಗತ್ತನ್ನೇ ಗೆದ್ದವರಂತೆ ನನ್ನತ್ತ ನೋಡಿದರು.

ಆಮೇಲೆ ಅವನು ಬೇರೆ ಕಂಪನಿಯದೊಂದನ್ನು ತಂದ. ಅಳತೆ, ಪಿನ್ನು, ಸ್ಕ್ರೂ ಹಾಕುವ ಕಿವಿ, ಎಲ್ಲ ಕೂಡಿಬಂತು. ಹೇಗಪ್ಪಾ ಎಂದೆ.

"ಮ್ಯಾಲಿನ ಎಸ್ರು ಏನಾರಾ ಇರ್ಲಿ ಸಾ. ಒಳಗಿನ ಪರದೆ ಎರಡೂ ಒಂದೇ ಕಾರ್ಖಾನೇದು."

ಮಾವನ ಮುಖ ಇಳಿಯಿತು. ಇದೂ ಸಗೋತ್ರ! ಸ್ಟೂಲಿನ ಮೇಲೆ ಕೂತರು, ಟವಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಎಷ್ಟೋ ಮದುವೆಗಳನ್ನು ಒಂದೇ ಮಾತಿನಲ್ಲಿ ಮುರಿದ ಮನುಷ್ಯ ಕೊನೆಗೆ ನನ್ನನ್ನು ಕೇಳಿದ್ದು ಬಹಳ ಮೆತ್ತಗೆ.

"ದತ್ತು ಹೋದ್ರೆ ಗೋತ್ರ ಬದಲಾಗತ್ತೆ, ಅಲ್ವೇನೋ? ಇದನ್ನ ಆ ಕಂಪನಿಗೆ ದತ್ತು ಕೊಟ್ಟಿದಾರೆ ಅಂದ್ಕೊಳೋಣ."

ಹೌದೆಂದೆ. ಇನ್ನೇನು ಹೇಳಲಿ? ಅಂಗಡಿಯವನು ಸ್ಕ್ರೂ ತಿರುಗಿಸಿದ.

ನಾನೂ ಮಾವನ ಜೊತೆ ಬಸ್ಸು ಹತ್ತಿದೆ. ನರಸೀಪುರದ ಮನೆಯಲ್ಲಿ ಅವರು ಕೈಕಾಲು ಕೂಡ ತೊಳೆಯದೆ ಮುಚ್ಚಳ ತೆರೆದರು. ಪರದೆ ಬೆಳಗಿತು. ಅತ್ತೆ ಬೆರಳನ್ನು ಒಂದು ಕೀಲಿಯ ಮೇಲಿಟ್ಟರು. ಒತ್ತಲಿಲ್ಲ. ಮಾವ ನೆಲದ ಮೇಲೆ ಕೂತು, ಆಕೆಯ ಮಣಿಕಟ್ಟಿನ ಕೆಳಗೆ ತಮ್ಮ ಅಂಗೈ ಕೊಟ್ಟರು.

"ಬೈಯೋದಾದ್ರೂ ಬೈಯೇ. ಓದ್ತೀನಿ."

ಬೆರಳು ಅಲ್ಲೇ ಇತ್ತು. ಪರದೆಯಿಲ್ಲದ ದಿನಗಳಲ್ಲಿ ಕೈ ಪೂರ್ತಿ ಸೋತುಹೋಗಿತ್ತೋ, ಅತ್ತೆಗೆ ಸಿಟ್ಟಿತ್ತೋ, ಹೇಳಬೇಕಾದದ್ದೇ ಏನೂ ಉಳಿದಿರಲಿಲ್ಲವೋ, ಪಕ್ಕದಲ್ಲೇ ನಿಂತಿದ್ದ ನನಗೆ ತಿಳಿಯಲಿಲ್ಲ. ಮಾವನಿಗೆ ತಿಳಿಯಿತೇ ಎಂಬುದೂ ನನಗೆ ಗೊತ್ತಿಲ್ಲ.