ಇಸ್ತ್ರಿ ಮೇಲೆ ನಡೆದ ಶೂ

ಮಗಳ ಸ್ಕೂಲ್ ಶೂ ತಾನೇ ತರುತ್ತೇನೆ, ಸೈಜ್ ಹೇಳುವ ಅಗತ್ಯವೇ ಇಲ್ಲ ಎಂದು ದರ್ಜಿ ಫೋನಿನಲ್ಲಿ ಘೋಷಿಸಿದಾಗ, ಆ ಕಡೆಯಿಂದ ಹೆಂಡತಿ ಏನೋ ಹೇಳಲು ಹೊರಟಿದ್ದಳು. ಅವನು ಅದಕ್ಕೆ ಅವಕಾಶ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಬಟ್ಟೆ ಹೊಲಿದ ಮನುಷ್ಯ. ಗಿರಾಕಿ ಬಾಗಿಲು ದಾಟುವ ಮೊದಲೇ ಅವನ ಸೊಂಟ ಎಷ್ಟು, ಭುಜ ಎಷ್ಟು ಎಂದು ಚೀಟಿಯಲ್ಲಿ ಬರೆದಿಡುತ್ತಿದ್ದ. ಟೇಪು ಕೊರಳಲ್ಲಿ ನೇತಾಡುತ್ತಿತ್ತು ನಿಜ, ಆದರೆ ಅದು ವಕೀಲರ ಕರಿ ಕೋಟಿನ ಹಾಗೆ, ಬರೀ ಗೌರವಕ್ಕೆ. ಬೀದಿಯವರು ಅವನಿಗೆ ‘ಕಣ್ಣಳತೆ ಮಾಸ್ಟರ್’ ಎಂದು ಹೆಸರಿಟ್ಟಿದ್ದರು. ಅರ್ಧ ಮಂದಿ ಮೆಚ್ಚಿಕೊಂಡು ಹಾಗೆ ಕರೆಯುತ್ತಿದ್ದರು. ಉಳಿದರ್ಧ ಮಂದಿ, ಅವನು ಹೊಲಿದ ಪ್ಯಾಂಟಿನೊಳಗೆ ಉಸಿರು ಬಿಗಿಹಿಡಿದುಕೊಂಡು.

ಹೆಂಡತಿ ನರ್ಸು. ಹತ್ತು ತಿಂಗಳ ಹಿಂದೆ ಅವಳಿಗೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ನನ್ನ ಅಂಗಡಿ ಇಲ್ಲಿದೆ ಎಂದ ಅವನು. ನನ್ನ ಕೆಲಸ ಅಲ್ಲಿದೆ ಎಂದಳು ಅವಳು. ಇಬ್ಬರೂ ಹೇಳಿದ್ದು ನಿಜವೇ ಆದ್ದರಿಂದ ಯಾರಿಗೂ ಸೋಲಲು ದಾರಿಯೇ ಇರಲಿಲ್ಲ. ಏಳು ವರ್ಷದ ಮಗಳನ್ನು ಕರೆದುಕೊಂಡು ಅವಳು ಹೋದಳು. ಅಂದಿನಿಂದ ಗಂಡಹೆಂಡಿರ ಮಾತೆಲ್ಲ ರಜೆ ಯಾವಾಗ, ಬಸ್ಸು ಎಷ್ಟು ಗಂಟೆಗೆ ಎಂಬಲ್ಲಿಗೆ ಬಂದು ನಿಂತಿತ್ತು.

ಅಂಗಡಿಯ ಹಿಂದಿನ ಒಂದು ಕೋಣೆಯೇ ಈಗ ಅವನ ಮನೆ. ಸಣ್ಣದೆಂದು ತಂದ ಬ್ರೆಡ್ಡು ಕೂಡ ಅರ್ಧ ಉಳಿದು ಬೂಸ್ಟು ಹಿಡಿಯುತ್ತಿತ್ತು. ಕೆಲಸವಿಲ್ಲದ ಸಂಜೆಗಳಲ್ಲಿ ದಾರ ಪೋಣಿಸದೆಯೇ ಮೆಷಿನ್ ತುಳಿಯುತ್ತಿದ್ದ, ಸದ್ದಾದರೂ ಇರಲಿ ಎಂದು. ಹೊರಗೆ ಹೋಗುವವರು, ಮಾಸ್ಟರಿಗೆ ಈಗ ಕೈತುಂಬ ಕೆಲಸ ಎಂದುಕೊಳ್ಳುತ್ತಿದ್ದರು.

ಮಗಳು ಒಂದು ವಾರದ ರಜೆಗೆ ಬರುವ ಹಿಂದಿನ ದಿನ ಅವನು ಬೀದಿಯ ಕೊನೆಯ ಶೂ ಅಂಗಡಿಗೆ ಹೋದ. ಅಂಗಡಿಯ ಒಡತಿ, ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಹೆಂಗಸು, ಮಗೂನ ಕರಕೊಂಡು ಬನ್ನಿ ಎಂದಳು. ಅವನು ನಕ್ಕು, ಎರಡು ಅಂಗೈಗಳನ್ನು ಗಾಳಿಯಲ್ಲಿ ಎದುರುಬದುರು ನಿಲ್ಲಿಸಿ, ನಡುವೆ ಇಷ್ಟುದ್ದ ಎಂದು ತೋರಿಸಿದ. ಆ ಉದ್ದ ಅವನಿಗೆ ಬಾಯಿಪಾಠವಾಗಿತ್ತು. ಮಗಳು ಅವನ ಪಾದಗಳ ಮೇಲೆ ತನ್ನ ಪಾದಗಳನ್ನಿಟ್ಟು ನಿಂತರೆ, ಅವನು ಅವಳನ್ನು ಹಾಗೇ ಹೊತ್ತು ಅಂಗಡಿ ತುಂಬ ನಡೆಯುತ್ತಿದ್ದ. ಅವಳ ಬೆರಳು ಅವನ ಪಾದದ ಎಲ್ಲಿಗೆ ಮುಟ್ಟುತ್ತಿತ್ತು ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಹನ್ನೆರಡು ನಂಬರಿನ ಕರಿ ಶೂ ಡಬ್ಬಿಯೊಳಗೆ ಕೂತು ಅವನ ಜೊತೆ ಮನೆಗೆ ಬಂತು.

ಮಗಳು ಬಂದಳು. ಶೂ ನೋಡಿ ಕುಣಿದಳು. ಹಾಕಿಕೊಳ್ಳುವಾಗ ತುಟಿ ಕಚ್ಚಿದಳಾದರೂ, ಹೇಗಿದೆ ಎಂದು ಕೇಳಿದಾಗ, "ತುಂಬಾ ಚೆನ್ನಾಗಿದೆ ಅಪ್ಪ" ಎಂದಳು. ಇನ್ನೇನು ಬೇಕು? ನಾಲ್ಕು ದಿನ ಅವನು ಅವಳನ್ನು ಬೀದಿ ತುಂಬ ಮೆರೆಸಿದ. ಹಾಲಿನ ಅಂಗಡಿ, ಅಂಚೆ ಕಚೇರಿ, ಪಾರ್ಕು, ಕೆಲಸವೇ ಇಲ್ಲದಿದ್ದರೂ ಬ್ಯಾಂಕು. ಎದುರಾದವರೆಲ್ಲ ಶೂ ನೋಡಬೇಕು, ನೋಡಿದವರೆಲ್ಲ ಇದು ಕಣ್ಣಳತೆಯಲ್ಲೇ ತಂದದ್ದು ಎಂಬುದನ್ನು ಕೇಳಬೇಕು. ಐದನೆಯ ದಿನ ಮಗಳು ಬಾತುಕೋಳಿಯ ಹಾಗೆ ನಡೆಯುವುದು ಕಂಡಿತು. ಕಾಲ್ಚೀಲ ತೆಗೆಸಿ ನೋಡಿದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಒಂದು ಒಡೆದು ಕೆಂಪಾಗಿತ್ತು.

ಅವನು ಮುಲಾಮು ಹಚ್ಚಿದ. ಹಚ್ಚುತ್ತಲೇ ತೀರ್ಪನ್ನೂ ಕೊಟ್ಟುಬಿಟ್ಟ: ತಪ್ಪು ಶೂನದು. ಡಬ್ಬಿಯ ಮೇಲೆ ಹನ್ನೆರಡು ಎಂದು ಬರೆದು ಒಳಗೆ ಹನ್ನೊಂದು ತುಂಬಿದ್ದಾರೆ. ನಾಳೆಯೇ ವಾಪಸ್ ಕೊಟ್ಟು ಬರುವುದು, ನೋಡೋಣ ಅದು ಹೇಗೆ ತಗೊಳ್ಳಲ್ಲ ಅಂತಾರೆ ಎಂದು ಮಗಳ ಮುಂದೆ ಎದೆ ತಟ್ಟಿಕೊಂಡ.

ಒಂದೇ ತೊಡಕು, ನಾಲ್ಕು ದಿನದ ಬೀದಿ ಶೂ ತಳದಲ್ಲಿ ಅಂಟಿ ಕೂತಿತ್ತು. ಸೋಪು ಹಚ್ಚಿ ಬ್ರಷ್ಷಿನಿಂದ ಉಜ್ಜಿದ. ಮಣ್ಣು ಹೋಯಿತು, ಆದರೆ ತಳ ಒದ್ದೆಯಾಯಿತು. ಒದ್ದೆ ತಳದ ಹೊಸ ಶೂ ಯಾವ ಲೋಕದಲ್ಲೂ ಇಲ್ಲ. ಒಣಗಿಸಬೇಕು. ದರ್ಜಿಯ ಕೈಗೆ ಒಣಗಿಸಲು ಸಿಗುವುದು ಇನ್ನೇನು? ಬಿಸಿಯಾಗಿಯೇ ಇದ್ದ ಇಸ್ತ್ರಿಪೆಟ್ಟಿಗೆಯನ್ನು ತಳದ ಮೇಲೆ ಹೀಗೆ ಮುಟ್ಟಿಸಿ ಹಾಗೆ ತೆಗೆಯುವುದೆಂದು ಅವನ ಲೆಕ್ಕ. ಅಷ್ಟರಲ್ಲಿ ಮಗಳು ಒಳಗಿನಿಂದ ಏನೋ ಕೇಳಿದಳು, ಅವನು ಆ ಕಡೆ ತಿರುಗಿ ಉತ್ತರ ಕೊಟ್ಟ. ತಿರುಗಿ ನೋಡುವಾಗ ಅಂಗಡಿ ತುಂಬ ಟೈರು ಸುಟ್ಟ ವಾಸನೆ, ಎಡಗಾಲಿನ ಶೂ ತಳದಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿದಂತೆ ಮೂಡಿತ್ತು.

ಕತೆ ಅಲ್ಲಿಗೇ ನಿಲ್ಲಲಿಲ್ಲ. ಗಾಬರಿಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟನಲ್ಲ, ಆ ಪಕ್ಕದಲ್ಲಿ ಹರಡಿಕೊಂಡಿದ್ದದ್ದು ಬ್ಯಾಂಕ್ ಮ್ಯಾನೇಜರರ ಬಿಳಿ ಶರ್ಟು, ಮರುದಿನ ಕೊಡಬೇಕಾದದ್ದು. ಪೆಟ್ಟಿಗೆಗೆ ಅಂಟಿದ್ದ ಕರಿ ರಬ್ಬರೆಲ್ಲ ಮ್ಯಾನೇಜರರ ಬೆನ್ನಿಗೆ ವರ್ಗವಾಯಿತು. ಮಗಳು ಬಾಗಿಲಲ್ಲಿ ಬಂದು ನಿಂತು, ಶೂ ನೋಡಿ, ಶರ್ಟು ನೋಡಿ, ಕೊನೆಗೆ ಅಪ್ಪನ ಮುಖ ನೋಡಿ, ಸದ್ದಿಲ್ಲದೆ ಕಿಟಕಿ ತೆರೆದಳು. ತಾಯಿಯ ಮಗಳು.

ಮರುದಿನ ಶನಿವಾರ. ಮಗಳಿಗೆ ಹಳೆಯ ಚಪ್ಪಲಿ ಹಾಕಿಸಿ, ತಳ ಕೆಳಗಾಗಿ ಶೂವನ್ನು ಡಬ್ಬಿಯಲ್ಲಿ ಮಲಗಿಸಿ, ಅವನು ಅವಳ ಜೊತೆ ಶೂ ಅಂಗಡಿಗೆ ಹೋದ. ನಂಬರ್ ತಪ್ಪಿದೆ, ಮಗು ಮನೆಯೊಳಗೆ ಒಂದೇ ಸಲ ಹಾಕಿ ನೋಡಿದ್ದು ಎಂದ. ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು. ಒಡತಿ ಕನ್ನಡಕ ಏರಿಸಿ ಶೂ ಎತ್ತಿದಳು. ಮೊದಲು ಮೂಸಿದಳು. ಹೊಸ ಶೂಗೆ ಬಟ್ಟೆ ಸೋಪಿನ ವಾಸನೆ ಹೇಗೆ ಬಂತು ಎಂದು ಕೇಳಲಿಲ್ಲ, ಹುಬ್ಬು ಮಾತ್ರ ಮೇಲೆ ಹೋಯಿತು. ಆಮೇಲೆ ತಳ ತಿರುಗಿಸಿದಳು.

"ಮಾಸ್ಟರ್ರೇ, ಮಗು ಮನೆಯೊಳಗೆ ಇಸ್ತ್ರಿ ಮೇಲೆ ನಡೀತಾ?"

ಅವನು ಗಂಟಲು ಸರಿಮಾಡಿಕೊಂಡ. ಹಾಕಿದ ಮೇಲೆ ತಾನೆ ಕಚ್ಚುತ್ತದೆಯೋ ಇಲ್ಲವೋ ಗೊತ್ತಾಗುವುದು, ಗಿರಾಕಿಗೆ ಒಂದು ನ್ಯಾಯ ಬೇಡವೇ ಎಂದು ದೊಡ್ಡ ದನಿಯಲ್ಲಿ ವಾದ ಹೂಡಿದ. ಒಡತಿ ಪೂರ್ತಿ ಕೇಳಿಸಿಕೊಂಡಳು. ಎರಡು ವರ್ಷದ ಹಿಂದೆ ತಾನು ಒಂದು ಕೋಟು ಹೊಲಿಸಿದ್ದು ನೆನಪಿದೆಯೇ ಎಂದು ಮೆಲ್ಲಗೆ ಕೇಳಿದಳು. ತೋಳು ಗಿಡ್ಡವಾಯಿತು ಎಂದು ವಾಪಸ್ ತಂದಿದ್ದಳಂತೆ.

"ಆವಾಗ ನೀವೇನಂದ್ರಿ ಗೊತ್ತಾ? ಕೋಟು ಸರಿಯಾಗೇ ಇದೆ, ನಿಮ್ಮ ತೋಳೇ ಉದ್ದ ಆಗಿದೆ ಅಂದ್ರಿ. ನಲವತ್ತೆಂಟನೇ ವಯಸ್ಸಲ್ಲಿ ನನ್ನ ತೋಳು ಬೆಳೆದುಬಿಟ್ಟಿತ್ತು."

ದರ್ಜಿಗೆ ಚೆನ್ನಾಗಿಯೇ ನೆನಪಾಯಿತು. ಸಂತೆಯ ನಡುವೆ ಪ್ಯಾಂಟಿನ ಹೊಲಿಗೆ ಬಿಟ್ಟವನ ಹಾಗೆ ನಿಂತ. ಅಷ್ಟರಲ್ಲಿ ಒಡತಿಯ ಬೆರಳು ಶೂ ಒಳಗೆ ಹೋಗಿ, ಹಿಮ್ಮಡಿಯ ಹತ್ತಿರದಿಂದ ಏನನ್ನೋ ಎಳೆದು ತೆಗೆಯಿತು. ಹಸಿರು ಮಖಮಲ್ಲಿನ ಒಂದು ತುಂಡು, ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿ, ಅಂಟು ಹಾಕಿ ಕೂರಿಸಿದ್ದು. ಇನ್ನೊಂದು ಶೂನಲ್ಲೂ ಅಂಥದ್ದೇ. ಅವನದೇ ಅಂಗಡಿಯ ಚಿಂದಿಚೀಲದ ಬಟ್ಟೆ. ತಳವನ್ನು ಅಷ್ಟು ತಿಕ್ಕಿ ತೊಳೆದವನು ಒಳಗೊಮ್ಮೆ ಇಣುಕಿ ನೋಡಿರಲಿಲ್ಲ.

ಅವನು ಮಗಳ ಕಡೆ ನೋಡಿದ. ಅವಳು ತಪ್ಪು ಮಾಡಿದವಳ ಹಾಗೆ ಕೈ ಹಿಂದೆ ಕಟ್ಟಿಕೊಂಡಳು. ನೋಯದಿರಲಿ ಅಂತ ಹಾಕಿದ್ದು, ಹೊಸ ಬಟ್ಟೆ ಕತ್ತರಿಸಲಿಲ್ಲ, ಚಿಂದಿಯೇ ತಗೊಂಡೆ ಎಂದಳು.

ಒಡತಿ ಮರದ ಅಳತೆ ಪಟ್ಟಿ ತಂದು ನೆಲದ ಮೇಲಿಟ್ಟಳು. ಮಗಳು ಅಭ್ಯಾಸವಿದ್ದವಳಂತೆ ಚಪ್ಪಲಿ ಬಿಟ್ಟು ಪಾದವಿಟ್ಟಳು. ಹದಿಮೂರು. ಪಟ್ಟಿ ಸರಿ ಇರಲಿಕ್ಕಿಲ್ಲ ಎಂದ ದರ್ಜಿ, ದನಿಯಲ್ಲಿ ಮಾತ್ರ ಜೀವವಿರಲಿಲ್ಲ.

"ಸರಿ ಇದೆ ಅಪ್ಪ. ಅಮ್ಮ ಚಪ್ಪಲಿ ಕೊಡಿಸಿದಾಗ್ಲೂ ಹದಿಮೂರೇ ಇತ್ತು."

"ಗೊತ್ತಿದ್ರೆ ಮೊದಲೇ ಹೇಳಬಾರದಾ ಪುಟ್ಟಿ?"

"ನೀನು ಯಾರನ್ನೂ ಕೇಳಲ್ಲ, ನೋಡೇ ಹೇಳ್ತೀಯ ಅಂತ ಅಮ್ಮ ಹೇಳಿದ್ಲು. ನೀನು ನೋಡಿ ಹೇಳಿದ್ದು ತಪ್ಪು ಅಂದ್ರೆ ನಿಂಗೆ ಬೇಜಾರಾಗುತ್ತಲ್ವಾ?"

ಅವನು ಆ ಪಟ್ಟಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ಆ ಪಾದವನ್ನು ನೋಡಿದ. ಬೆರಳುಗಳು ಉದ್ದವಾಗಿದ್ದವು. ಹಿಮ್ಮಡಿ ಅಗಲವಾಗಿತ್ತು. ಮುಲಾಮು ಹಚ್ಚುವಾಗಲೂ ಈ ಪಾದವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಅವನಿಗೆ ಬಾಯಿಪಾಠವಾಗಿದ್ದ ಪಾದ ಹತ್ತು ತಿಂಗಳ ಹಿಂದೆಯೇ ಬಸ್ಸು ಹತ್ತಿ ಹೋಗಿತ್ತು.

ಹಳೆ ಶೂ ವಾಪಸ್ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅವನು ಹದಿಮೂರರ ಶೂ ಕೊಂಡ. ಆ ಕೋಟು ಕಳಿಸಿಕೊಡಿ, ತೋಳು ಉದ್ದ ಮಾಡಿ ಕೊಡುತ್ತೇನೆ ಎಂದು ಒಡತಿಗೆ ಹೇಳುವಷ್ಟರಲ್ಲಿ ಅವನಿಗೆ ಬೆವರು ಕಿತ್ತುಕೊಂಡಿತ್ತು.

ಭಾನುವಾರ ಮಧ್ಯಾಹ್ನ ಮಗಳನ್ನು ಕರೆದೊಯ್ಯಲು ಬಸ್ ನಿಲ್ದಾಣಕ್ಕೆ ಹೆಂಡತಿ ಬಂದಳು. ಬಂದವಳೇ ಬಗ್ಗಿ, ಹೆಬ್ಬೆರಳಿನಿಂದ ಶೂ ತುದಿ ಒತ್ತಿ ನೋಡಿ, ಸರಿಯಾಗಿದೆ ಎಂದಳು. ಅವಳ ದನಿಯಲ್ಲಿದ್ದ ಅಚ್ಚರಿಯನ್ನು ಅವನು ಹಾಗೇ ಜೇಬಿಗಿಳಿಸಿಕೊಂಡು ಮನೆಗೆ ಹೋಗಬಹುದಿತ್ತು.

"ನಾನು ತಂದದ್ದು ಚಿಕ್ಕದಾಯ್ತು. ಇದು ಅಂಗಡಿಯವರು ಅಳೆದು ಕೊಟ್ಟಿದ್ದು" ಎಂದ ಅವನು.

ಹೆಂಡತಿ ಅವನನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳುತ್ತಾಳೆ ಎನಿಸಿತು. ಈ ಸಲ ಅವನು ಅಡ್ಡ ಬಾಯಿ ಹಾಕದೆ ಕಾದ. ಆದರೆ ಕಂಡಕ್ಟರ್ ಸೀಟಿ ಊದಿದ, ಅವಳು ಚೀಲ ಎತ್ತಿಕೊಂಡು ಹತ್ತಿದಳು. ಬಸ್ಸು ಅಲುಗಿದಾಗ ಮಗಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು:

"ಅಪ್ಪಾ, ನಿನ್ನ ಸೈಜ್ ಎಷ್ಟು?"

ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಬಸ್ಸು ತಿರುವು ದಾಟಿದ ಮೇಲೆ ನಿಲ್ದಾಣದ ಕಂಬಕ್ಕೆ ಒರಗಿ, ಒಂಟಿ ಕಾಲಿನ ಕೊಕ್ಕರೆಯಾಗಿ ನಿಂತು, ಚಪ್ಪಲಿ ಕಳಚಿ ತಳ ನೋಡಿದ. ಅಲ್ಲಿದ್ದ ನಂಬರ್ ಯಾವ ಕಾಲದಲ್ಲೋ ಸವೆದು ಅಳಿಸಿಹೋಗಿತ್ತು.

ಅಲ್ಲಿಂದ ನೇರ ಶೂ ಅಂಗಡಿಗೆ ನಡೆದ. ಒಡತಿ ಅವನನ್ನು ಕಂಡೊಡನೆಯೇ ವಾಪಸ್ ಇಲ್ಲ ಎಂದಳು. ವಾಪಸ್ಸಿಗೆ ಬಂದಿಲ್ಲ, ನನ್ನ ಕಾಲು ಒಂದು ಅಳೆದು ಹೇಳಿ ಎಂದು ಅವನು ಪಟ್ಟಿಯ ಮೇಲೆ ಪಾದವಿಟ್ಟ. ಹೊರಗೆ ಬಂದು, ಮಗಳಿಗೆ ಹೇಳಲಿ ಎಂದು ಹೆಂಡತಿಯ ಫೋನಿಗೆ ಒಂದೇ ಪದದ ಸಂದೇಶ ಕಳಿಸಿದ: "ಒಂಬತ್ತು."

ತುಸು ಹೊತ್ತಿಗೇ ಉತ್ತರ ಬಂತು: "ಏನು ಒಂಬತ್ತು?"

ಅವನು ಶೂ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತು ಉತ್ತರ ಬರೆಯತೊಡಗಿದ. ಬರೆದ, ಅಳಿಸಿದ, ಮತ್ತೆ ಬರೆದ. ಸಂಜೆಯಾಯಿತು. ಒಡತಿ ಶಟರ್ ಅರ್ಧ ಎಳೆದು ಹೊರಗೆ ಇಣುಕಿದಳು.

"ಮಾಸ್ಟರ್ರೇ, ಒಂಬತ್ತು ಬಿಗಿ ಆಯ್ತಾ?"