ಐವತ್ತೈದು ಪೌಂಡಿನ ಮಂಚ

ತಂತಿ ಮಾಸ್ತರರಿಗೆ ಆ ಸೋಮವಾರ ಬೇಕಾಗಿದ್ದದ್ದು ನಿದ್ದೆ, ಬೇರೇನೂ ಅಲ್ಲ. ಒಳಕೋಣೆಯ ಗೋಡೆ ಪಕ್ಕದಲ್ಲಿ ಅವರದೊಂದು ಮರದ ಮಂಚ, ಅದರ ಮೇಲೆ ಹತ್ತಿಯ ಹಾಸಿಗೆ. ಅದು ಸಿಕ್ಕಿಬಿಟ್ಟರೆ ಉಳಿದ ಪ್ರಪಂಚವನ್ನು ಯಾರು ಬೇಕಾದರೂ ಆಳಿಕೊಳ್ಳಲಿ ಎನ್ನುವಂಥ ವೈರಾಗ್ಯ ಅವರಿಗೆ ಬಂದಿತ್ತು.

ಮಾಸ್ತರರೆಂದರೆ ಸಂಗೀತದ ಮಾಸ್ತರರಲ್ಲ. ಅವರು ಟೆನಿಸ್ ರಾಕೆಟ್ಟಿಗೆ ತಂತಿ ಕಟ್ಟುವವರು. ವರ್ಷಕ್ಕೊಮ್ಮೆ ಊರಿನ ದೊಡ್ಡ ಕ್ರೀಡಾಂಗಣಕ್ಕೆ ಜಗತ್ತಿನ ಮಹಾಮಹಿಮ ಆಟಗಾರರೆಲ್ಲ ಬಂದು ಎರಡು ವಾರ ಚೆಂಡು ಬಡಿಯುತ್ತಾರಲ್ಲ, ಆಗ ಗ್ಯಾಲರಿಯ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಇವರು ತಂತಿ ಬಿಗಿಯುತ್ತಾರೆ. (ಈ ಎರಡು ವಾರದಲ್ಲಿ ಅವರು ಒಂದು ಆಟವನ್ನೂ ಕಣ್ಣಾರೆ ಕಂಡವರಲ್ಲ. ತಲೆಯ ಮೇಲೆ ಜನ ‘ಹೋ’ ಎಂದರೆ ಯಾರೋ ಗೆದ್ದರು, ‘ಅಯ್ಯೋ’ ಎಂದರೆ ಯಾರೋ ಸೋತರು. ಎರಡರಲ್ಲಿ ಯಾವುದಾದರೂ ಇವರ ಮೇಜಿಗೆ ಇನ್ನೊಂದು ರಾಕೆಟ್ ಬಂತೆಂದೇ ಲೆಕ್ಕ.) ಒಬ್ಬನಿಗೆ ಐವತ್ತೈದು ಪೌಂಡ್ ಬಿಗಿ ಬೇಕು, ಇನ್ನೊಬ್ಬಳಿಗೆ ಅದಕ್ಕಿಂತ ಅರ್ಧ ಪೌಂಡ್ ಹೆಚ್ಚು. ಕಟ್ಟಿ ಮುಗಿಸಿದ ಮೇಲೆ ಮಾಸ್ತರರು ತಂತಿಯನ್ನು ಬೆರಳಿನಿಂದ ಮೀಟಿ ಕಿವಿಗೊಡುತ್ತಾರೆ. ‘ಟಣ್’ ಎಂದರೆ ಸರಿ, ‘ಟೊಂಯ್’ ಎಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ಇಷ್ಟು ವರ್ಷದಲ್ಲಿ ಒಬ್ಬ ಆಟಗಾರನೂ ಬಂದು ‘ಚೆನ್ನಾಗಿ ಕಟ್ಟಿದ್ದೀರಿ’ ಎಂದದ್ದಿಲ್ಲ. ಗೆದ್ದವರು ತಾಯಿಗೆ, ತರಬೇತುದಾರನಿಗೆ, ದೇವರಿಗೆ ಕೈ ಮುಗಿಯುತ್ತಾರೆ. ಸೋತವರು ಮಾತ್ರ ರಾಕೆಟ್ಟನ್ನು ನೆಲಕ್ಕಪ್ಪಳಿಸಿ ತಂತಿಯವನನ್ನು ಮನಸಾರೆ ನೆನೆಯುತ್ತಾರೆ.

ಫೈನಲ್ ಮುಗಿದು, ಸಾಮಾನು ಕಟ್ಟಿಟ್ಟು, ಕಾಲೆಳೆದುಕೊಂಡು ಮನೆ ಸೇರಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಬಂದ್ರಾ? ಕೈಕಾಲು ತೊಳ್ಕೊಳ್ಳಿ. ನಾಳೆ ಅಪ್ಪ ಬರ್ತಿದ್ದಾರೆ.”

ಮಾಸ್ತರರ ಎದೆ ‘ಟೊಂಯ್’ ಎಂದಿತು. ಮಾವನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಅಳೆಯುವುದನ್ನು ಬಿಟ್ಟಿರಲಿಲ್ಲ. ಲೋಟದ ಕಾಫಿಯನ್ನು ಕಣ್ಣಲ್ಲೇ ಅಳೆದು ‘ಎರಡು ಚಮಚ ಕಮ್ಮಿ’ ಎನ್ನುವವರು. ಜೊತೆಗೆ ಅವರಿಗೊಂದು ಬೆನ್ನುನೋವಿತ್ತು. ಆ ನೋವು ಅವರ ಜೊತೆ ಬಂದಾಗಲೆಲ್ಲ ಮಾಸ್ತರರ ಹಾಸಿಗೆ ಅವರ ಪಾಲಾಗುತ್ತಿತ್ತು.

“ಅಂದ್ರೆ ನನ್ನ ಹಾಸಿಗೆ ಹೋಯ್ತು.”

“ಮತ್ತೆ? ಅವರನ್ನ ಆ ಕಬ್ಬಿಣದ ಮಂಚದ ಮೇಲೆ ಮಲಗ್ಸಕ್ಕಾಗುತ್ತಾ? ಪಟ್ಟಿ ಎಲ್ಲ ಜೋತುಬಿದ್ದು ಮಲಗಿದ್ರೆ ಸೊಂಟ ನೆಲ ಮುಟ್ಟುತ್ತೆ.”

“ನನ್ನ ಸೊಂಟ ಮುಟ್ಟಬಹುದಾ?”

“ನಿಮಗೇನು, ಎರಡು ವಾರದಿಂದ ಕೂತಲ್ಲೇ ಕೂತು ಬಂದಿದ್ದೀರಿ. ಊರವರ ಬ್ಯಾಟಿಗೆಲ್ಲ ದಾರ ಕಟ್ತೀರಿ, ಮನೆ ಮಂಚಕ್ಕೆ ಕಟ್ಟೋಕೆ ಮಾತ್ರ ಕೈ ಬರಲ್ಲ.”

“ಬ್ಯಾಟಲ್ಲ, ರಾಕೆಟ್ಟು. ದಾರ ಅಲ್ಲ, ತಂತಿ.”

“ಏನೋ ಒಂದು. ನಮ್ಮನೇಲಿ ಎರಡೂ ಇಲ್ಲ.”

ಹೆಂಡತಿ ಆಡಿದ ಈ ಮಾತಿನಿಂದಲೇ ಮಾಸ್ತರರ ತಲೆಯಲ್ಲಿ ಮಹತ್ತಾದ ಒಂದು ಯೋಚನೆ ಹುಟ್ಟಿತು. ಕಬ್ಬಿಣದ ಮಂಚ ಸರಿಯಾದರೆ ಮಾವನವರು ಅದರ ಮೇಲೆ, ತಾವು ತಮ್ಮ ಹಾಸಿಗೆಯ ಮೇಲೆ! ಅಟ್ಟದಲ್ಲಿ ವರ್ಷವರ್ಷ ಉಳಿದ ತಂತಿಯ ಸುರುಳಿಗಳು ರಾಶಿಬಿದ್ದಿದ್ದವು. ಕ್ಲಬ್ಬಿನವರು ಬೇಡವೆಂದು ಬಿಸಾಕಿದ, ಹಿಡಿಕೆ ತಿರುಗಿಸಿ ತಂತಿ ಎಳೆಯುವ ಹಳೆಯ ಯಂತ್ರವೂ ಅಲ್ಲೇ ಇತ್ತು. ಇನ್ನೊಂದು ಗಳಿಗೆ ಎಚ್ಚರವಿದ್ದರೆ ಮುಂದೆ ಬೇಕಾದಷ್ಟು ಮಲಗಬಹುದು ಎಂದುಕೊಂಡು ಅವರು ಮಂಚವನ್ನು ನಡುಮನೆಗೆ ಎಳೆದು, ಯಂತ್ರವನ್ನು ಅದರ ಚೌಕಟ್ಟಿಗೆ ಕಚ್ಚಿಸಿದರು. ಬಾಯಿ ಅಭ್ಯಾಸಬಲದಿಂದ ಕೇಳಿತು:

“ಎಷ್ಟು ಬಿಗಿ ಬೇಕು?”

“ಚೆನ್ನಾಗಿ ಬಿಗೀರಿ. ನಿಮ್ಮ ಚಾಂಪಿಯನ್ನಿಗೆ ಹೇಗೆ ಕಟ್ತೀರೋ ಹಾಗೇ ಕಟ್ಟಿ.”

ನಿದ್ದೆ ಮಾಡಿದ ಮನುಷ್ಯನಾಗಿದ್ದರೆ ಈ ಮಾತಿನ ಭಾವವನ್ನಷ್ಟೇ ತೆಗೆದುಕೊಳ್ಳುತ್ತಿದ್ದ. ಮಾಸ್ತರರು ಅಕ್ಷರಶಃ ತೆಗೆದುಕೊಂಡರು. ಕಣ್ಣು ಮುಚ್ಚಿತ್ತು, ಕೈ ಮಾತ್ರ ನಡೆಯುತ್ತಿತ್ತು. ಉದ್ದ ತಂತಿ ಎಳೆದರು, ಅಡ್ಡ ತಂತಿಯನ್ನು ಒಂದರ ಮೇಲೆ ಒಂದರ ಕೆಳಗೆ ಹೆಣೆದರು, ಪ್ರತಿಯೊಂದಕ್ಕೂ ಐವತ್ತೈದು ಪೌಂಡ್ ಬಿಗಿ ಕೊಟ್ಟರು. ಕೊನೆಗೆ, ರಾಕೆಟ್ ಕಟ್ಟಿದ ಮೇಲೆ ಮಾಡಲೇಬೇಕಾದ ಕೆಲಸವೆಂದು, ಅಚ್ಚಿನ ಹಾಳೆಯಿಟ್ಟು ನಡುಮಧ್ಯೆ ಕೆಂಪು ಬಣ್ಣದಲ್ಲಿ ರಾಕೆಟ್ ಕಂಪನಿಯ ಮುದ್ರೆಯನ್ನೂ ಬಳಿದರು. ಮೀಟಿ ನೋಡಿದರು. ‘ಟಣ್!’

ಆ ಬಣ್ಣ ಆರುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಬಸ್ಸು ಸಿಕ್ಕಿತೆಂದು ಮಾವನವರು ಒಂದು ದಿನ ಮೊದಲೇ ಬಂದುಬಿಟ್ಟಿದ್ದರು.

“ಸೆಕೆ ಸೆಕೆ,” ಎನ್ನುತ್ತ ಅಂಗಿ ಕಳಚಿ ಬಿಳಿ ಬನಿಯನ್ನಿನಲ್ಲಿ ನಿಂತರು. “ಬಸ್ಸಲ್ಲಿ ಬೆನ್ನು ಮುರಿದುಹೋಯ್ತಮ್ಮ. ಓ, ಮಂಚ ರೆಡಿ ಮಾಡ್ಸಿದ್ದೀಯ?”

ಮಾಸ್ತರರಿಗೆ ಆಗ ಥಟ್ಟನೆ ಎಚ್ಚರವಾಯಿತು. “ಮಾವ, ಒಂದು ನಿಮಿಷ” ಎಂದರು. ಅಷ್ಟರಲ್ಲಿ ಮಾವನವರು ಕೂತಾಗಿತ್ತು. ಕೂತರು ಎನ್ನುವುದಕ್ಕಿಂತ ಕೂರುವ ಪ್ರಯತ್ನ ಮಾಡಿದರು ಎನ್ನಬೇಕು, ಯಾಕೆಂದರೆ ಮಂಚ ಅವರನ್ನು ಸ್ವೀಕರಿಸಲಿಲ್ಲ, ರಿಟರ್ನ್ ಮಾಡಿತು. ಅವರು ಮೇಲೆ ಹೋದರು, ಅಂಗಾತ ಬಂದು ಬಿದ್ದರು, ಮತ್ತೆ ಮೇಲೆ ಹೋದರು. ಅವರ ಕನ್ನಡಕ ಇನ್ನೊಂದು ದಿಕ್ಕಿಗೆ ಹೋಯಿತು. ಮತ್ತೊಮ್ಮೆ ಬಿದ್ದಾಗ ಬೆನ್ನಿನೊಳಗೆಲ್ಲೋ ‘ಕಟಕ್’ ಎಂಬ ಸದ್ದು ಇಡೀ ಮನೆಗೆ ಕೇಳಿಸಿತು.

“ಅಯ್ಯೋ ಅಪ್ಪಾ! ಕೊಂದೇಬಿಟ್ರಲ್ರೀ!” ಎಂದು ಹೆಂಡತಿ ಕೂಗಿಕೊಂಡಳು.

ಮಾಸ್ತರರು ಗೋಡೆಗೆ ಆತುಕೊಂಡರು. ಹಾಸಿಗೆ ಹೋಗಲಿ, ಇನ್ನು ಮನೆಯಲ್ಲಿ ಜಾಗ ಸಿಕ್ಕರೆ ಸಾಕು ಎನ್ನಿಸಿತು ಅವರಿಗೆ.

ಮಾವನವರು ನಿಧಾನವಾಗಿ ಎದ್ದು ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಆಮೇಲೆ, ಯಾರ ಸಹಾಯವೂ ಇಲ್ಲದೆ, ಬಗ್ಗಿ ನೆಲದ ಮೇಲಿದ್ದ ಕನ್ನಡಕ ಎತ್ತಿಕೊಂಡರು. ಬಗ್ಗಿದಾಗ ಬನಿಯನ್ನಿನ ಬೆನ್ನಲ್ಲಿ ಕಂಪನಿಯ ಕೆಂಪು ಮುದ್ರೆ ಸ್ಪಷ್ಟವಾಗಿ ಕಾಣಿಸಿತು.

“ನೋವಿಲ್ಲ!” ಎಂದರು. “ಒಂಚೂರೂ ಇಲ್ಲ! ಅಳಿಯಂದಿರೇ, ಎಷ್ಟು ಬಿಗಿ ಇದೆ ಇದು?”

“ಐವತ್ತೈದು ಪೌಂಡ್, ಮಾವ.”

“ಕರೆಕ್ಟಾಗಿ?”

“ಕರೆಕ್ಟಾಗಿ.”

“ಭೇಷ್! ಸರ್ವಿಸ್ಸೆಲ್ಲಾ ಹುಡುಕಿದೆ, ಕರೆಕ್ಟಾಗಿ ಅಳತೆ ಕೊಡೋ ಮನುಷ್ಯ ಒಬ್ಬನೂ ಸಿಗಲಿಲ್ಲ. ಮನೆಯಲ್ಲೇ ಇದ್ರಿ ನೋಡಿ.”

ಜನ್ಮದಲ್ಲಿ ಮೊದಲ ಸಲ ಮಾಸ್ತರರ ಕೆಲಸವನ್ನು ಒಬ್ಬರು ಹೊಗಳಿದ್ದರು. ಆ ಖುಷಿಯಲ್ಲಿ ಅವರು ಮಾಡಬಾರದ ಒಂದು ಕೆಲಸ ಮಾಡಿದರು, ಬಾಯಿ ಬಿಟ್ಟರು. ತಂತಿ ಕಟ್ಟಿದ ಗಳಿಗೆಯಿಂದಲೇ ಸಡಿಲವಾಗುತ್ತ ಹೋಗುತ್ತದೆಂದೂ, ಅದಕ್ಕೇ ದೊಡ್ಡ ಆಟಗಾರರು ಪ್ರತಿ ಪಂದ್ಯಕ್ಕೂ ಹೊಸದಾಗಿ ಕಟ್ಟಿಸುತ್ತಾರೆಂದೂ ಸವಿಸ್ತಾರವಾಗಿ ಉಪನ್ಯಾಸ ಕೊಟ್ಟರು.

ಮರುದಿನ ಬೆಳಿಗ್ಗೆ ಮಾವನವರು ಮಂಚವನ್ನು ಮೀಟಿ ನೋಡಿ, “ಎರಡು ಪೌಂಡ್ ಇಳಿದಿದೆ ಅಳಿಯಂದಿರೇ,” ಎಂದರು.

ಇಳಿದಿತ್ತು, ಸರಿಯಾಗಿ ಎರಡು ಪೌಂಡ್! ಅಂದಿನಿಂದ ಅದು ದಿನಚರಿಯಾಯಿತು. ಬೆಳಿಗ್ಗೆ ಬಿಚ್ಚುವುದು, ಮಧ್ಯಾಹ್ನದವರೆಗೆ ಕಟ್ಟುವುದು. ಊಟವಾದ ಮೇಲೆ ಮಾವನವರು ಮಂಚದ ಮೇಲೆ ನಾಲ್ಕು ಸಲ ಪುಟಿದು ಸುಖವಾಗಿ ನಿದ್ರಿಸುವುದು. ರಾತ್ರಿ ಅವರು ಮಗ್ಗುಲಾದಾಗಲೆಲ್ಲ ತಂತಿ ‘ಟಣ್’ ಎಂದು ಮಾಸ್ತರರಿಗೆ ಎಚ್ಚರವಾಗುವುದು. ಒಂದು ಮಧ್ಯಾಹ್ನ ಮಾಸ್ತರರು ಇನ್ನೇನು ಒಳಗೆ ಹೋಗಿ ಉರುಳಬೇಕು ಎನ್ನುವಷ್ಟರಲ್ಲಿ ಷಡ್ಡಕ ಬಂದಿಳಿದ. ಅವನು ದೊಡ್ಡ ಗಾಲ್ಫ್ ಟೂರ್ನಿಗಳಲ್ಲಿ ಆಟಗಾರರ ಚೀಲ ಹೊರುವವನು. ಟೂರ್ನಿ ಮುಗಿಸಿ ಬಂದವನ ಭುಜ ಒಂದು ಕಡೆ, ಸೊಂಟ ಒಂದು ಕಡೆ ಇತ್ತು.

“ಭಾವ, ಆ ಚೀಲ ಕರು ತೂಕ ಇದೆ,” ಎಂದ. “ಕರುವಾದ್ರೂ ಒಂದಷ್ಟು ದೂರ ತಾನೇ ನಡೆಯುತ್ತೆ. ಮಾವ ಫೋನಲ್ಲಿ ಮಂಚದ ವಿಷಯ ಹೇಳಿದ್ರು. ನನ್ನ ಸರದಿ ಬರೋವರೆಗೆ ಇಲ್ಲಿ ಮಲಗಿರ್ತೀನಿ.” ಎಂದವನೇ ಮಾಸ್ತರರ ಹಾಸಿಗೆಯ ಮೇಲೆ ಕಾಲು ಚಾಚಿದ.

ಮಾಸ್ತರರು ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತರು. ನಿಲ್ಲುವುದಕ್ಕೂ ಕಟ್ಟೆಯನ್ನು ಹಿಡಿದುಕೊಳ್ಳಬೇಕಾಗಿತ್ತು.

“ನೋಡೇ, ಟೂರ್ನಿಯಲ್ಲಾದ್ರೆ ದಿನಾ ಅರ್ಧ ಜನ ಸೋತು ಊರಿಗೆ ಹೋಗ್ತಾರೆ. ಇಲ್ಲಿ ಒಬ್ಬರೂ ಹೋಗ್ತಿಲ್ಲ. ನಿಮ್ಮಪ್ಪ ಯಾವಾಗ ಹೊರಡೋದು?”

“ಬೆನ್ನು ನೋವು ಬಂದ್ರೆ ತಾನೇ ಅವರಿಗೆ ಅವರೂರಿನ ಡಾಕ್ಟ್ರ ನೆನಪಾಗೋದು? ಪಾಪ, ಈಗ ಆರಾಮಾಗಿದ್ದಾರೆ, ಇರ್ಲಿ ಬಿಡಿ.”

ಸರಿ, ದಾರಿ ಕಾಣಿಸಿತು. ಮರುದಿನ ಮಾಸ್ತರರು ಬಿಗಿಯನ್ನು ನಲವತ್ತು ಪೌಂಡಿಗೇ ನಿಲ್ಲಿಸಿದರು. ಮಾವನವರು ಸ್ನಾನಕ್ಕೆ ಹೋಗಿದ್ದರು, ಷಡ್ಡಕ ಗೊರಕೆ ಹೊಡೆಯುತ್ತಿದ್ದ. ಯಂತ್ರ ಕಳಚಿ ಎದ್ದು ಹೋಗುವುದಷ್ಟೇ ಬಾಕಿಯಿತ್ತು. ಎರಡು ದಿನ ಸಡಿಲ ಮಂಚದಲ್ಲಿ ಮಲಗಿದರೆ ಮೂರನೇ ದಿನ ಬಸ್ಸು! ಆದರೆ ಹಾಳು ಬೆರಳು ಸುಮ್ಮನಿರದೆ ತಂತಿ ಮೀಟಿತು. ‘ಟೊಂಯ್.’

ಮಾಸ್ತರರು ಕಿವಿ ಮುಚ್ಚಿಕೊಂಡರು. ನಾಲ್ಕು ಹೆಜ್ಜೆ ನಡೆದು ನಿಂತರು. ಹುಟ್ಟುಗುಣ ಸುಟ್ಟರೂ ಹೋಗದು. ತಂತಿ ಹಳತಾಯಿತು, ಇನ್ನು ಬಿಗಿ ನಿಲ್ಲುವುದಿಲ್ಲ ಎಂದರೆ ಮಾವನವರೂ ನಂಬಿಯಾರು, ನಿಜ. ಆದರೆ ಮಲಗಿದಾಗ ಆ ‘ಟೊಂಯ್’ ತಮ್ಮನ್ನು ಮಲಗಗೊಡುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಹಿಂದಿರುಗಿ ಬಂದು ಎಲ್ಲವನ್ನೂ ಬಿಚ್ಚಿದರು. ತಮ್ಮನ್ನೇ ಬೈದುಕೊಳ್ಳುತ್ತ, ಅಳುವಷ್ಟು ದಣಿದು, ಐವತ್ತೈದಕ್ಕೆ ತಂದರು.

ಮಾವನವರು ಪುಟಿದು, ಒರಗಿ, ಕಣ್ಣು ಮುಚ್ಚಿ ತಲೆದೂಗಿದರು.

“ಆಹಾ! ಇವತ್ತು ಎಲ್ಲಾ ದಿನಕ್ಕಿಂತ ಚೆನ್ನಾಗಿ ಬಂದಿದೆ. ಅಳಿಯಂದಿರೇ, ಊರಲ್ಲಿರೋ ನನ್ನ ಮನೆ ಬಾಡಿಗೆಗೆ ಕೊಟ್ಟು ಇಲ್ಲೇ ಇದ್ದುಬಿಡೋಣ ಅಂತ ತೀರ್ಮಾನ ಮಾಡಿದ್ದೀನಿ. ಏನಂತೀರಿ?”

“ಸಂತೋಷ ಮಾವ,” ಎಂದರು ಮಾಸ್ತರರು. ನಾಚಿಕೆಗೇಡಿನ ಸಂಗತಿಯೆಂದರೆ, ಹೊಗಳಿಕೆಯ ಭಾಗಕ್ಕೆ ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಆಗ ಷಡ್ಡಕ ಕಣ್ಣುಜ್ಜಿಕೊಳ್ಳುತ್ತ ಒಳಕೋಣೆಯಿಂದ ಹೊರಗೆ ಬಂದ. ಸೊಂಟದ ಮೇಲೆ ಕೈ ಇಟ್ಟುಕೊಂಡು ಮುಖ ಹಿಂಡಿದ.

“ಭಾವ, ತಪ್ಪು ತಿಳ್ಕೋಬೇಡಿ. ನಿಮ್ಮ ಹಾಸಿಗೆ ತೀರಾ ಮೆತ್ತಗೆ. ಅದನ್ನ ಯಾರಿಗಾದ್ರೂ ಕೊಟ್ಟು, ಹಲಗೆ ಕಿತ್ತು, ಆ ಮಂಚಕ್ಕೂ ತಂತಿ ಕಟ್ಟಿಬಿಡಿ. ನಾವಿಬ್ಬರೂ ಸರದಿ ಕಾಯೋದು ತಪ್ಪುತ್ತೆ.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಮಾವನವರು ಒಂದು ಕಣ್ಣು ತೆರೆದು ನೋಡಿದರು. ಆಗಲ್ಲ, ಸತ್ತರೂ ಆಗಲ್ಲ ಎಂದು ಹೇಳಬೇಕೆಂದು ಮಾಸ್ತರರು ಬಾಯಿ ತೆರೆದರು. ಕೈ ಆಗಲೇ ಷಡ್ಡಕನ ಭುಜ ಮುಟ್ಟಿ ನೋಡುತ್ತಿತ್ತು.

“ನಿಮಗೆ,” ಎಂದಿತು ಬಾಯಿ, “ಎಷ್ಟು ಬಿಗಿ ಬೇಕು?”