ವಂಡ್ಸೆಯ ನೀರೇ ಬೇಕೆನ್ನುವ ಕಾಫಿ ಯಂತ್ರಕ್ಕೆ

ಇವರಿಗೆ,
ಶ್ರೀಮಾನ್ ಎಸ್ಪ್ರೆಸೊ ಕಾಫಿ ಯಂತ್ರದವರು,
ಮಿಕ್ಸಿಯ ಬಲಗಡೆ, ಉಪ್ಪಿನ ಭರಣಿಯ ಎಡಗಡೆ,
ನಮ್ಮ ಅಡುಗೆಮನೆ, ಬೀಜಾಡಿ.

ಮಾನ್ಯರೇ,

ಹದಿನೈದು ಬಾರ್ ಒತ್ತಡದ ಒಡೆಯರೂ, ಹಬೆಯ ಸರದಾರರೂ, ಮೂರು ಗುಟುಕು ಕಾಫಿಗಾಗಿ ಮನೆಮಂದಿಯನ್ನೆಲ್ಲ ಮುಕ್ಕಾಲು ಗಂಟೆ ಸಾಲಾಗಿ ನಿಲ್ಲಿಸಬಲ್ಲವರೂ ಆದ ತಮ್ಮ ಪಾದಗಳಿಗೆ, ಅಂದರೆ ಅಡಿಯಲ್ಲಿರುವ ನಾಲ್ಕು ರಬ್ಬರ್ ಬಿಲ್ಲೆಗಳಿಗೆ, ಕೋಟೇಶ್ವರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೀನು ಮಾರುತ್ತಿರುವ ಸುಗುಣ ಎಂಬ ನಾನು ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ಎದೆಯ ಮೇಲಿನ ಕೆಂಪು ದೀಪ ಮತ್ತೆ ಮತ್ತೆ ಹೊತ್ತಿಕೊಳ್ಳುವುದರಿಂದ ತಮ್ಮ ಕ್ಷೇಮದ ಬಗ್ಗೆ ಮಾತ್ರ ಊರಿಗೆ ಊರೇ ಚಿಂತಿಸುತ್ತಿದೆ.

ಮೊದಲಿಗೇ ಒಂದು ಸತ್ಯ ಹೇಳಿಬಿಡುತ್ತೇನೆ, ತಾವು ಬೇಸರಿಸಬಾರದು. ಕುಂದಾಪುರದ ಅಂಗಡಿಯೊಂದರ ಲಕ್ಕಿ ಡ್ರಾಗೆ ನಾನು ಚೀಟಿ ಹಾಕಿದ್ದು ಎರಡನೇ ಬಹುಮಾನವಾಗಿದ್ದ ಗ್ರೈಂಡರಿನ ಮೇಲೆ ಕಣ್ಣಿಟ್ಟು. ದೇವರು ನನ್ನ ಮೊರೆಯನ್ನು ಅಗತ್ಯಕ್ಕಿಂತ ಸ್ವಲ್ಪ ಜಾಸ್ತಿಯೇ ಕೇಳಿಸಿಕೊಂಡು ಮೊದಲನೇ ಬಹುಮಾನವಾದ ತಮ್ಮನ್ನು ಕಳುಹಿಸಿದ. ರಿಕ್ಷಾದಿಂದ ತಮ್ಮನ್ನು ಇಳಿಸಿಕೊಳ್ಳುವಾಗ ನನ್ನ ಅತ್ತೆ ಕುಸುಮನವರು, "ಇದೆಂತ ಮಾರಾಯ್ತಿ, ಬೋಟಿನ್ ಇಂಜಿನ್ ಮನಿಯೊಳ್ಗ್ ತಕಂಬಂದ್ಯಾ?" ಎಂದು ಕೇಳಿದ್ದು ತಮ್ಮ ಕಿವಿಗೆ ಬಿದ್ದಿದ್ದರೆ, ಅವರಿಗೆ ಎಂಬತ್ತು ದಾಟಿದೆಯೆಂದು ಮನ್ನಿಸಬೇಕು.

ತಮ್ಮ ಸೇವೆಯಲ್ಲಿ ನಾವು ಕೊರತೆ ಮಾಡಲಿಲ್ಲ. ತಮ್ಮ ಜೊತೆ ಬಂದ, ಹದಿನಾಲ್ಕು ಭಾಷೆಗಳಲ್ಲಿದ್ದೂ ಕನ್ನಡವೊಂದನ್ನು ಮಾತ್ರ ಬಿಟ್ಟ ಆ ದಪ್ಪ ಪುಸ್ತಕವನ್ನು ನನ್ನ ಮಗಳು ಚಂದನಾ ಪರೀಕ್ಷೆಗೂ ಓದದಷ್ಟು ಶ್ರದ್ಧೆಯಿಂದ ಓದಿದಳು. ಪುಡಿಯನ್ನು ಒತ್ತಲೆಂದು ತಾವು ತಂದ ಭಾರದ ಗುಂಡು ಬೆಳ್ಳುಳ್ಳಿ ಜಜ್ಜಲು ಎಷ್ಟು ಚೆನ್ನಾಗಿದೆಯೆಂದರೆ, ಅದನ್ನು ಮಾಡಿದ ಪುಣ್ಯಾತ್ಮನ ಮನೆಯಲ್ಲೂ ಸಾರಿಗೆ ಒಗ್ಗರಣೆ ಬೀಳುತ್ತಿರಬೇಕು. ತಮ್ಮ ಹಬೆಯ ಕೊಳವೆಯಿಂದ ಮೊದಲ ದಿನ ಹಾಲು ಹಾರಿ ಚಾವಣಿ ಸೇರಿತು. ನಮ್ಮ ಬೆಕ್ಕು ಅಲ್ಲಿಂದ ಮೂರು ದಿನ ಮೀನಿನ ಬುಟ್ಟಿಯ ಕಡೆಗೂ ತಿರುಗದೆ ಮೇಲೆ ನೋಡುತ್ತಾ ಕುಳಿತಿತ್ತು. ಬೀಜ ಪುಡಿಮಾಡುವ ತಮ್ಮ ಜೋಡಿದಾರನಿಗೆ ಅತ್ತೆ ಹುರಿದ ಮೆಣಸು ಸುರಿದು ಗುಂಡಿ ಒತ್ತಿದ್ದು ತಪ್ಪೇ ಸರಿ. ಆದರೆ ಮರುದಿನ ಕಾಫಿ ಕುಡಿದ ನನ್ನ ಯಜಮಾನರು ನಾಗ, ನಾಲ್ಕು ದಿನದ ನೆಗಡಿ ಬಿಟ್ಟುಹೋಯಿತೆಂದು ಇವತ್ತಿಗೂ ತಮ್ಮನ್ನು ಕೊಂಡಾಡುತ್ತಾರೆ. ಅತ್ತೆಗೆ ಮಾತ್ರ ಆ ಪುಟ್ಟ ಲೋಟದ ಕಪ್ಪು ಕಾಫಿ ಕಂಡಾಗಲೆಲ್ಲ "ಯಾರಿಗ್ ಜ್ವರ?" ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ.

ಇಷ್ಟೆಲ್ಲ ಸಹಿಸಿದ ತಾವು ಏಪ್ರಿಲಿನಲ್ಲಿ ಮುನಿಸಿಕೊಂಡಿರಿ. ಕೆಂಪು ದೀಪ ಹೊತ್ತಿತು. ಒಳಗಿನ ನಳಿಗೆಯಲ್ಲಿ ಬಿಳಿ ಹಕ್ಕಳೆ ಕಟ್ಟಿದೆಯೆಂದು ಚಂದನಾ ಪುಸ್ತಕ ನೋಡಿ ಹೇಳಿದಳು. ಸೆಕೆಗಾಲದಲ್ಲಿ ಕಡಲ ಬದಿಯ ನಮ್ಮ ಬಾವಿಯ ನೀರು ಉಪ್ಪಾಗುವುದು ಬೀಜಾಡಿಯ ಮಕ್ಕಳಿಗೂ ಗೊತ್ತು. ನಾವು ಅದರಲ್ಲೇ ಅನ್ನ ಬೇಯಿಸಿ, ಅದರಲ್ಲೇ ಮಿಂದು, ಇಷ್ಟು ವರ್ಷ ಯಾವ ದೀಪವನ್ನೂ ಹೊತ್ತಿಸದೆ ಬದುಕಿದ್ದೇವೆ. ತಾವು ಮಾತ್ರ ಹುಳಿ ಕುಡಿಸಿ ಹೊಟ್ಟೆ ತೊಳೆಯಬೇಕು, ಆಮೇಲೆ ಸಿಹಿನೀರನ್ನೇ ಕೊಡಬೇಕು ಎಂದು ಹಟ ಹಿಡಿದಿರಿ. ಅತ್ತೆ ಎಲೆ ಅಡಿಕೆ ಜಗಿಯುತ್ತಾ, "ಸಿಹಿನೀರಂದ್ರೆ ವಂಡ್ಸೆದ್ದೇ, ನಿನ್ನಕ್ಕನ ಮನಿ ಬಾವಿದ್" ಎಂದು ತೀರ್ಪು ಕೊಟ್ಟರು. ಚಂದನಾ ಪುಸ್ತಕ ಮುಚ್ಚಿಟ್ಟಳು.

ತಮಗೆ ನಮ್ಮ ಮನೆಯ ಚರಿತ್ರೆ ಗೊತ್ತಿಲ್ಲ, ಆದ್ದರಿಂದ ವಿವರಿಸುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಅಮ್ಮ ತೀರಿಕೊಂಡಾಗ, ಕಾರ್ಯದ ಊಟ ಮುಗಿದು ಕೈ ಒಣಗುವ ಮೊದಲೇ, ನನ್ನ ಅಕ್ಕ ಗಿರಿಜಾ ಅಮ್ಮನ ಕಡೆಯುವ ಕಲ್ಲನ್ನು ಟೆಂಪೋ ಹತ್ತಿಸಿ ವಂಡ್ಸೆಗೆ ಒಯ್ದಳು. ಆ ಕಲ್ಲಿನಲ್ಲಿ ಅಮ್ಮ ಮಸಾಲೆ ಅರೆಯುವಾಗ ಕಾಯಿ ದೂಡಿಕೊಡುತ್ತಿದ್ದವಳು ನಾನು. ನಾನು ಬಂಧುಬಳಗದೆದುರು ಎದ್ದು ನಿಂತು, ಇನ್ನು ನಿನ್ನ ಮನೆಯ ಒಂದು ತೊಟ್ಟು ನೀರೂ ಕುಡಿಯುವುದಿಲ್ಲ ಎಂದುಬಿಟ್ಟೆ. ಕುಡಿಯಲೂ ಇಲ್ಲ. ಗ್ರೈಂಡರಿನ ಆಸೆಗೆ ನಾನು ಚೀಟಿ ಹಾಕಿದ್ದು ಯಾಕೆಂದು ಈಗ ತಮಗೆ ಅರ್ಥವಾಗಿರಬಹುದು.

ಮಾನ್ಯರೇ, ಅಂಥ ಶಪಥದವಳನ್ನು ತಾವು ಎರಡು ಖಾಲಿ ಕ್ಯಾನು ಹಿಡಿಸಿ, ಸ್ಕೂಟರ್ ಹತ್ತಿಸಿ, ಹೆಮ್ಮಾಡಿ ದಾಟಿಸಿ, ವಂಡ್ಸೆಯ ಅಕ್ಕನ ಅಂಗಳದಲ್ಲಿ ನಿಲ್ಲಿಸಿದಿರಿ. ಮೀನು ಮಾರುವವಳು ಬರಿಗೈಯಲ್ಲಿ ಹೋಗುವುದುಂಟೇ ಎಂದು ಡಬ್ಬಿಯಲ್ಲಿ ಬಂಗುಡೆಯನ್ನೂ ಒಯ್ದಿದ್ದೆ. ಅಕ್ಕ ಹೊರಬಂದು, "ಎಂತ ಹೆಣೆ, ದಾರಿ ತಪ್ತಾ?" ಎಂದಳು. ನೀರಿಗೆ ಬಂದದ್ದು, ಆದರೆ ನನಗೆ ಕುಡಿಯಲಿಕ್ಕಲ್ಲ, ಯಂತ್ರಕ್ಕೆ ಎಂದು ನಾನು ಗಂಭೀರವಾಗಿ ತಿಳಿಸಿದೆ. ಅವಳು, "ಯಂತ್ರ ನಮ್ಮೊಟ್ಟಿಗ್ ಜಗಳ ಮಾಡ್ಲಿಲ್ಲ ಅಲ್ದಾ, ತಕಂಡ್ ಹೋಗ್" ಎಂದು ಕೊಡಪಾನ ಇಳಿಸಿದಳು. ನೀರು ಕೇಳಿ ಬಂದವರಿಗೆ ಇಲ್ಲವೆನ್ನುವ ವಾಡಿಕೆ ನಮ್ಮ ಕಡೆ ಇಲ್ಲ. ಮನೆಗೆ ಬಂದವರ ಮುಂದೆ ಬೆಲ್ಲ ನೀರು ಇಡದೆ ಕಳಿಸುವ ವಾಡಿಕೆಯೂ ಇಲ್ಲ. ಅಕ್ಕ ಬೆಲ್ಲದ ತುಂಡನ್ನೂ ತಂಬಿಗೆಯನ್ನೂ ಜಗಲಿಯ ಮೇಲಿಟ್ಟು, ಬಂಗುಡೆಯ ಡಬ್ಬಿ ಹಿಡಿದು ಒಳಗೆ ಹೋದಳು. ನಾನು ಬೆಲ್ಲ ತಿಂದೆ, ನೀರು ಮುಟ್ಟಲಿಲ್ಲ. ಗಂಟಲಲ್ಲಿ ಬೆಲ್ಲ ಸಿಕ್ಕಿಕೊಂಡು ವಾಪಸು ದಾರಿಯಲ್ಲಿ ತಲ್ಲೂರಿನವರೆಗೆ ಕೆಮ್ಮಿದೆ.

ಮನೆಗೆ ಬಂದು ಅವಳು ಮರಳಿಸಿದ ಡಬ್ಬಿ ತೆರೆದರೆ, ಖಾಲಿ ಪಾತ್ರೆ ಮರಳಿಸಬಾರದೆಂದು ಅಕ್ಕ ಅದರ ತುಂಬ ಅರೆದ ಮಸಾಲೆ ತುಂಬಿದ್ದಳು. ಆ ಕಲ್ಲಿನದ್ದೇ. ಪರಿಮಳ ಬಂದ ಕೂಡಲೇ ಗೊತ್ತಾಯಿತು, ನಾನು ತಮ್ಮ ಎದುರೇ ನಿಂತು ಅತ್ತುಬಿಟ್ಟೆ. ಆ ಹೊತ್ತಿಗೆ ಸರಿಯಾಗಿ ತಾವು, ಚಂದನಾಳ ಕೈಯಲ್ಲಿ ಹೊಟ್ಟೆ ತೊಳೆಸಿಕೊಂಡು, ವಂಡ್ಸೆಯ ನೀರು ಕುಡಿದು, ಗುರುಗುಟ್ಟಿ, ಮೂರು ಗುಟುಕು ಕಾಫಿ ಇಳಿಸಿದಿರಿ. ಬಿಸಿಯಿತ್ತು, ಎದುರಿಗಿತ್ತು, ಕುಡಿದೆ. ಕುಡಿದು ಮುಗಿದ ಮೇಲೆ ಅದು ಯಾರ ಮನೆಯ ನೀರೆಂದು ನೆನಪಾಯಿತು. ಮೂರು ವರ್ಷ ಕಾಪಾಡಿದ ಶಪಥವನ್ನು ಮೂರು ಗುಟುಕಿನಲ್ಲಿ ಮುಗಿಸಿದ ತಮ್ಮ ದಕ್ಷತೆಯನ್ನು ಮೆಚ್ಚಲೇಬೇಕು.

ಅಲ್ಲಿಂದ ಪ್ರತಿ ಬುಧವಾರ ನಾನು ವಂಡ್ಸೆಗೆ ಹೋಗುತ್ತಿದ್ದೇನೆ. ತಂಬಿಗೆ ಬರಿದು ಮಾಡಿಯೇ ಏಳುತ್ತೇನೆ. ಅಕ್ಕ ಕಲ್ಲು ತಿರುಗಿಸುತ್ತಾಳೆ, ನಾನು ಕಾಯಿ ದೂಡುತ್ತೇನೆ, ಇಬ್ಬರೂ ಕ್ಷಮೆಯ ಮಾತೆತ್ತದೆ ಊರವರ ಮಾತನ್ನೆಲ್ಲ ಅರೆಯುತ್ತೇವೆ.

ನನ್ನ ದೂರು ಇರುವುದು ಇಲ್ಲಿ. ಇನ್ನು ಮೂರು ವಾರದಲ್ಲಿ ಮಳೆ ಹಿಡಿಯುತ್ತದೆ, ನಮ್ಮ ಬಾವಿ ಸಿಹಿಯಾಗುತ್ತದೆ. ಅದು ಸಾಲದೆಂಬಂತೆ ಚಂದನಾ ತಮಗೆ ನೀರು ಸೋಸುವ ಫಿಲ್ಟರ್ ಬೇರೆ ತರಿಸಿದ್ದಾಳೆ. ನೀರಿಗೆಂದು ಹೋಗುವುದು ನನಗೆ ಗೊತ್ತು. ಅಕ್ಕನನ್ನು ನೋಡಲೆಂದೇ ಹೇಗೆ ಹೋಗುವುದು, ಹೋಗಿ ಏನೆನ್ನುವುದು ಎಂಬುದು ಮಾತ್ರ ಗೊತ್ತಿಲ್ಲ. ಆದ್ದರಿಂದ ತಾವು ದಯವಿಟ್ಟು ಗುಣವಾಗಬಾರದು. ಮಳೆಯ ನೀರು ತಮಗೆ ಒಗ್ಗಬಾರದು. ಫಿಲ್ಟರ್ ಕಂಡರೆ ಸಿಡುಕಬೇಕು, ಮಂಗಳವಾರ ಸಂಜೆಯೊಳಗೆ ಕೆಂಪು ದೀಪ ಹೊತ್ತಿಸಿ, ಗುರುವಾರ ಬೆಳಿಗ್ಗೆಯೇ ಆರಿಸಬೇಕು. ಸಾಧ್ಯವಾದರೆ ರಿಪೇರಿಗೆ ಬರುವ ಹುಡುಗನ ಎದುರು, ವಂಡ್ಸೆ ಎಂಬ ಹೆಸರನ್ನು ಹಬೆಯಲ್ಲೇ ಸ್ಪಷ್ಟವಾಗಿ ಉಚ್ಚರಿಸಬೇಕು.

ಹದಿನೈದು ಬಾರ್ ಒತ್ತಡಕ್ಕೂ ಬಗ್ಗದೆ, ಬೆಲ್ಲದ ತುಂಡಿಗೆ ಬಗ್ಗಿದ,
ತಮ್ಮ ವಿಶ್ವಾಸಿ,
ಸುಗುಣ, ಬೀಜಾಡಿ

ತಾ.ಕ.: ಈ ಪತ್ರ ಬರೆದಿಟ್ಟ ಮರುದಿನ ಬುಧವಾರ. ಕ್ಯಾನು ತುಂಬಿಸುತ್ತಾ ಅಕ್ಕ ತಲೆಯೆತ್ತದೆ, "ನಿಮ್ಮನಿ ಎದುರ್ ಅಂಗ್ಡಿಯಗೆ ನೀರಿನ್ ಕ್ಯಾನ್ ಸಿಕ್ಕುದಿಲ್ಯಾ?" ಎಂದು ಕೇಳಿದಳು. ಸಿಗುತ್ತದೆ, ಮೊದಲ ದಿನವೂ ಸಿಗುತ್ತಿತ್ತು, ನಾನು ಅದರ ಎದುರಿನಿಂದಲೇ ಸ್ಕೂಟರ್ ಓಡಿಸಿದ್ದು. ನಾನು ತುಂಬಿದ ಕ್ಯಾನಿನ ಮುಚ್ಚಳ ತಿರುಗಿಸುತ್ತಾ ಕುಳಿತೆ. ಅವಳೇ ಹೇಳಿದಳು: "ಮಳಿಗಾಲ್ದಗೆ ನಮ್ಮ ಬಾವಿ ನೀರ್ ಕೆಂಪಾತ್ತ್. ಬುಧವಾರ ನಾನೇ ನಿಮ್ಮನಿಗ್ ನೀರಿಗ್ ಬತ್ತೆ." ಆದ್ದರಿಂದ ಮಾನ್ಯರೇ, ತಾವಿನ್ನು ದೀಪ ಆರಿಸಿಕೊಂಡು ಸುಮ್ಮನೆ ಕಾಫಿ ಮಾಡಬಹುದು, ಅಕ್ಕನಿಗೆ ಸಕ್ಕರೆ ಎರಡು ಚಮಚ.